ಒಸಾಕಾಗೆ ಅಪ್ಪ, ಅಮ್ಮ, ಮಗಳ ಜೊತೆ ಎಂಟು ದಿನ: ಏನು ನೋಡಬೇಕು, ಏನು ಬಿಡಬೇಕು?

ಬಸವನಗುಡಿ_ಬೆಂಚು

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ನವೆಂಬರ್‌ನಲ್ಲಿ ಜಪಾನ್‌ಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಅಪ್ಪ, ಅಮ್ಮ. ಅಪ್ಪನಿಗೆ 71, ಅಮ್ಮನಿಗೆ 66.

ಈ ಪ್ರವಾಸ ಮುಖ್ಯವಾಗಿ ಅಪ್ಪನಿಗೋಸ್ಕರ. ಅವರು ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಆ ಕಾರ್ಖಾನೆ ಶುರುವಾಗಿದ್ದು ಜಪಾನಿನ ಸಿಟಿಜನ್ ಕಂಪನಿ ಕೈಜೋಡಿಸಿದ್ದರಿಂದ. ಸೀನಿಯರ್‌ಗಳಿಂದ ಕೇಳಿದ ಜಪಾನಿನ ಕಥೆಗಳನ್ನ ಅಪ್ಪ ಊಟಕ್ಕೆ ಕೂತಾಗ ನಮಗೆ ಹೇಳೋರು. "ಒಂದು ಸಲ ಆ ದೇಶ ನೋಡಬೇಕು ಕಣೋ" ಅನ್ನೋ ಮಾತನ್ನ ನಾನು ಹೈಸ್ಕೂಲಿನಲ್ಲಿದ್ದಾಗಿಂದ ಕೇಳಿದ್ದೇನೆ.

ಒಂದು ಟೂರ್ ಕಂಪನಿಯವರು ಏಳು ದಿನದಲ್ಲಿ ಟೋಕಿಯೋ, ಹಕೋನೆ, ಕ್ಯೋಟೋ, ಒಸಾಕಾ, ಹಿರೋಷಿಮಾ ಎಲ್ಲ ತೋರಿಸುತ್ತೇವೆ ಅಂತ ಪಟ್ಟಿ ಕೊಟ್ಟರು. ದಿನಾ ಬೆಳಿಗ್ಗೆ ಏಳಕ್ಕೆ ಬಸ್ಸು, ಹೆಚ್ಚುಕಮ್ಮಿ ದಿನಕ್ಕೊಂದು ಹೋಟೆಲ್. ನನಗೆ ಅದು ಸರಿ ಅನ್ನಿಸಲಿಲ್ಲ. ಅಮ್ಮ ದಿನಾ ಗಾಂಧಿ ಬಜಾರ್‌ವರೆಗೆ ನಡೆದು ಹೋಗಿ ತರಕಾರಿ ತರುತ್ತಾರೆ, ಸಮತಟ್ಟು ರಸ್ತೆ ಆದರೆ ತೊಂದರೆ ಇಲ್ಲ, ಆದರೆ ಮಂಡಿ ನೋವು ಇರೋದರಿಂದ ಮೆಟ್ಟಿಲು ಅಂದರೆ ಕಷ್ಟ. ಮೊಟ್ಟೆ ಕೂಡ ತಿನ್ನಲ್ಲ. ಅದಕ್ಕೇ ಒಸಾಕಾದಲ್ಲೇ ಒಂದು ಮನೆ ಥರ ಜಾಗ ಹಿಡಿದು, ಎಂಟು ದಿನ ಅಲ್ಲೇ ಇದ್ದು, ಅಲ್ಲಿಂದಲೇ ಓಡಾಡೋಣ ಅಂತ ಯೋಚನೆ.

ಆದರೆ ನನ್ನ ಜೊತೆ ಕೆಲಸ ಮಾಡೋರು ಒಬ್ಬರು "ಒಸಾಕಾಗೆ ಎರಡು ದಿನ ಸಾಕು, ಅಲ್ಲಿ ತಿನ್ನೋದು ಬಿಟ್ಟರೆ ಏನಿದೆ" ಅಂದುಬಿಟ್ಟರು. ನಿಜವಾ? ಅಮ್ಮನಿಗೆ ಆಗುವಂಥ ಜಾಗಗಳು ಯಾವುವು? ಅಪ್ಪನಿಗೆ ಮೆಷಿನು, ರೈಲು, ಹಳೇ ಕಟ್ಟಡ ಅಂದರೆ ಪ್ರಾಣ. ಮಗಳು ಯೂನಿವರ್ಸಲ್ ಸ್ಟುಡಿಯೋಸ್ ಅನ್ನೋ ಥೀಮ್ ಪಾರ್ಕ್ ಬೇಕು ಅಂತ ಹಠ ಹಿಡಿದಿದ್ದಾಳೆ. ಹೋಗಿ ಬಂದವರು ದಯವಿಟ್ಟು ಹೇಳಿ.

ವಿಜಯನಗರ_ವಾಕರ್

ಕೆಲಸದ ಮೇಲೆ ಒಂದಿಷ್ಟು ತಿಂಗಳು ಒಸಾಕಾದಲ್ಲಿದ್ದೆ, ಆಮೇಲೆ ನಮ್ಮ ಅತ್ತೆ ಮಾವನನ್ನ ಕರೆದುಕೊಂಡು ಇನ್ನೊಂದು ಸಲ ಹೋದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಮೊದಲು ಆ ಪಟ್ಟಿ ಬಿಟ್ಟುಬಿಡಿ. ನಮ್ಮ ಅತ್ತೆ ಮಾವ ಅದಕ್ಕೂ ಮುಂಚೆ ಅಂಥದ್ದೇ ಒಂದು ಟೂರ್‌ನಲ್ಲಿ ಬೇರೆ ದೇಶಕ್ಕೆ ಹೋಗಿ ಬಂದಿದ್ದರು. ಬಂದ ಮೇಲೆ ಅವರಿಗೆ ನೆನಪಿದ್ದದ್ದು ಸೂಟ್‌ಕೇಸ್ ಕಟ್ಟಿದ್ದು, ಬಿಚ್ಚಿದ್ದು, ಬಸ್ಸಿಗೆ ಓಡಿದ್ದು, ಅಷ್ಟೇ. ಒಂದೇ ಕಡೆ ಇರೋ ನಿಮ್ಮ ಯೋಚನೆ ಸರಿಯಾಗಿದೆ. ಒಸಾಕಾ ಅದಕ್ಕೆ ಹೇಳಿ ಮಾಡಿಸಿದ ಊರು, ಯಾಕಂದರೆ ನಾರಾ, ಕ್ಯೋಟೋ, ಕೋಬೆ ಮೂರೂ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುತ್ತವೆ.

ಉಳಿಯೋಕೆ ನಂಬಾ ಅಥವಾ ತೆನ್ನೋಜಿ ಹತ್ತಿರ ನೋಡಿ. ಕನ್ಸಾಯ್ ವಿಮಾನ ನಿಲ್ದಾಣ ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲಿದೆ, 1994ರಲ್ಲಿ ಶುರುವಾಗಿದ್ದು. ಅಲ್ಲಿಂದ ನಂಬಾಗೆ ನಾನ್ಕಾಯ್ ರೈಲು ನೇರ ಬರುತ್ತದೆ, ತೆನ್ನೋಜಿಗೆ ಜೆಆರ್‌ನ (ಅಂದರೆ ಜಪಾನ್ ರೈಲ್ವೇಸ್‌ನ) ಹರುಕಾ ರೈಲು. ಉಮೇದಾ ಕಡೆ ಹೋಟೆಲ್ ಹಿಡಿಯಬೇಡಿ. ಜಾಗ ಒಳ್ಳೆಯದೇ, ಆದರೆ ಅಲ್ಲಿ ಒಸಾಕಾ, ಉಮೇದಾ, ಹಿಗಾಶಿ ಉಮೇದಾ, ನಿಶಿ ಉಮೇದಾ ಅಂತ ಒಂದರ ಪಕ್ಕ ಒಂದು ಸ್ಟೇಷನ್‌ಗಳಿವೆ, ಎಲ್ಲ ನೆಲದಡಿಯ ದಾರಿಗಳಲ್ಲಿ ಸೇರಿಕೊಂಡಿವೆ. ಲಗೇಜು, ಮಗು, ಮಂಡಿ ನೋವು ಇದ್ದಾಗ ಆ ಸುತ್ತಾಟ ಬೇಡ. ಊರೊಳಗೆ ಓಡಾಡೋಕೆ ಮಿದೋಸುಜಿ ಅನ್ನೋ ಕೆಂಪು ಬಣ್ಣದ ಮೆಟ್ರೋ ಲೈನ್ ಒಂದೇ ಹೆಚ್ಚು ಕಮ್ಮಿ ಸಾಕು. ಉಮೇದಾ, ಶಿನ್‌ಸೈಬಾಶಿ, ನಂಬಾ, ತೆನ್ನೋಜಿ ಎಲ್ಲ ಅದರ ಮೇಲೇ ಬರುತ್ತವೆ. ಅದು ಓಡೋಕೆ ಶುರು ಮಾಡಿದ್ದು 1933ರಲ್ಲಿ, ಅಪ್ಪನಿಗೆ ಹೇಳಿ.

ಪ್ರತಿ ಸ್ಟೇಷನ್‌ನಲ್ಲಿ ಲಿಫ್ಟ್ ಎಲ್ಲಿದೆ ಅಂತ ಬೋರ್ಡ್ ಇರುತ್ತೆ. ಆದರೆ ಎಲ್ಲ ಗೇಟಿನ ಹತ್ತಿರ ಲಿಫ್ಟ್ ಇರಲ್ಲ, ಯಾವುದೋ ಒಂದು ಗೇಟಿನಲ್ಲಿ ಮಾತ್ರ. ಮ್ಯಾಪ್‌ನಲ್ಲಿ ದಾರಿ ನೋಡೋವಾಗ ಆ ಗೇಟಿನ ನಂಬರ್ ಮೊದಲೇ ಗುರುತು ಮಾಡಿಕೊಳ್ಳಿ. ನಾವು ಮೊದಲನೇ ದಿನ ಇದನ್ನ ಮಾಡಲಿಲ್ಲ. ಅತ್ತೆ ಐವತ್ತು ಮೆಟ್ಟಿಲು ಹತ್ತಿ ಮೇಲೆ ಬಂದು ರಸ್ತೆ ಪಕ್ಕ ಸುಮ್ನೆ ನಿಂತುಬಿಟ್ಟರು. ಆಚೆ ಕಡೆ ನೋಡಿದರೆ ಲಿಫ್ಟ್ ಬಾಗಿಲು ಕಾಣ್ತಿತ್ತು. ಆ ದಿನ ಇಡೀ ಅವರ ಮುಖ ನೋಡೋಕೆ ನನಗೆ ಕಷ್ಟವಾಯಿತು.

ಎಸ್ಕಲೇಟರ್‌ನಲ್ಲಿ ಒಸಾಕಾದವರು ಬಲಕ್ಕೆ ನಿಲ್ಲುತ್ತಾರೆ, ಟೋಕಿಯೋದವರು ಎಡಕ್ಕೆ.

ಈಗ ಜಾಗಗಳು. ಒಸಾಕಾ ಕೋಟೆಗೆ ಹೋಗಲೇಬೇಕು. ಆಗ ಜಪಾನನ್ನ ಆಳುತ್ತಿದ್ದ ಸೇನಾನಾಯಕ ಟೊಯೊಟೊಮಿ ಹಿದೆಯೋಶಿ 1583ರಲ್ಲಿ ಕಟ್ಟಿಸೋಕೆ ಶುರು ಮಾಡಿದ್ದು, 1615ರ ಯುದ್ಧದಲ್ಲಿ ಹಾಳಾಯಿತು, ಆಮೇಲೆ ಆಳಿದ ಟೊಕುಗಾವಾ ವಂಶದವರ ಕಾಲದಲ್ಲಿ ಮತ್ತೆ ಕಟ್ಟಿದರು, 1665ರಲ್ಲಿ ಸಿಡಿಲು ಬಡಿದು ಗೋಪುರ ಸುಟ್ಟುಹೋಯಿತು. ಈಗ ಕಾಣುವ ಗೋಪುರ 1931ರ ಕಾಂಕ್ರೀಟ್ ಕಟ್ಟಡ, ಒಳಗೆ ಮ್ಯೂಸಿಯಂ. "ಕಾಂಕ್ರೀಟಾ, ಹಾಗಾದರೆ ನಕಲಿ" ಅನ್ನೋರು ತುಂಬಾ ಜನ ಇದ್ದಾರೆ. ನನ್ನ ಪ್ರಕಾರ ಅಲ್ಲಿ ನೋಡಬೇಕಾದ್ದು ಗೋಪುರ ಅಲ್ಲ, ಕಲ್ಲು. ಸಕುರಾಮೊನ್ ಬಾಗಿಲಿನ ಒಳಗೆ ತಾಕೊ ಇಶಿ ಅಂತ ಒಂದೇ ಬಂಡೆ ಇದೆ, 100 ಟನ್‌ಗಿಂತ ಜಾಸ್ತಿ ತೂಕ ಅಂತ ಅಂದಾಜು. 400 ವರ್ಷದ ಹಿಂದೆ ಒಳನಾಡು ಸಮುದ್ರದ ಕಡೆಯಿಂದ ಹಡಗಿನಲ್ಲಿ ತಂದು ನಿಲ್ಲಿಸಿದ್ದು. ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಅದರ ಮುಂದೆ ಬೇಗ ಕದಲಲ್ಲ, ನಮ್ಮ ಮಾವ ಹತ್ತು ನಿಮಿಷ ನಿಂತು ಸಂದುಗಳನ್ನ ಬೆರಳಿಟ್ಟು ನೋಡಿದರು. ಗೋಪುರದೊಳಗೆ ಲಿಫ್ಟ್ ಇದೆ. ಪಾರ್ಕ್ ದೊಡ್ಡದು, ಒಳಗೆ ಪುಟ್ಟ ರೈಲಿನಂಥ ಗಾಡಿ ಓಡುತ್ತೆ, ಅಮ್ಮನನ್ನ ಅದರಲ್ಲಿ ಕೂರಿಸಿ.

ಹಿಮೇಜಿ ಕೋಟೆ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ, ಹೌದು ಚೆನ್ನಾಗಿದೆ, ಆದರೆ ಅದು ಹಳೇ ಮರದ ಕಟ್ಟಡ, ಏಣಿಯಂಥ ಕಡಿದಾದ ಮೆಟ್ಟಿಲುಗಳು. ಅಮ್ಮನಿಗೆ ಬೇಡ.

ದೋತೊಂಬೊರಿ ಸಂಜೆಗೆ. ಕಾಲುವೆ, ದೀಪಗಳು, ಗ್ಲಿಕೋ ಅನ್ನೋ ಮಿಠಾಯಿ ಕಂಪನಿಯ ಓಡುತ್ತಿರುವ ಮನುಷ್ಯನ ಬೋರ್ಡು (ಮೊದಲು ಹಾಕಿದ್ದು 1935ರಲ್ಲಿ), ಹೋಟೆಲ್ ಮುಂದೆ ಕಾಲಾಡಿಸೋ ದೊಡ್ಡ ಏಡಿ ಬೊಂಬೆ. ಅರ್ಧ ಗಂಟೆ ಸಾಕು, ಜನ ಸಂಕ್ರಾಂತಿ ಹಿಂದಿನ ದಿನದ ಕೆ.ಆರ್. ಮಾರ್ಕೆಟ್‌ನಷ್ಟು. ಆದರೆ ಅದರ ಹಿಂದಿನ ಗಲ್ಲಿಯಲ್ಲಿ ಹೋಜೆಂಜಿ ಅಂತ ಪುಟ್ಟ ಗುಡಿ ಇದೆ, ಅದನ್ನ ತಪ್ಪಿಸಿಕೊಳ್ಳಬೇಡಿ. ಅಲ್ಲಿರೋದು ಫುದೋ ಮ್ಯೋ ಓ, ಸಂಸ್ಕೃತದಲ್ಲಿ ಅಚಲನಾಥ. ಬಂದವರೆಲ್ಲ ಮರದ ಸೌಟಿನಿಂದ ನೀರು ಎರಚುತ್ತಾರೆ. ವರ್ಷಗಟ್ಟಲೆ ನೀರು ಬಿದ್ದು ಬಿದ್ದು ಇಡೀ ಮೂರ್ತಿ ಹಸಿರು ಪಾಚಿಯಿಂದ ಮುಚ್ಚಿಹೋಗಿದೆ. ಕಣ್ಣು ಮೂಗು ಏನೂ ಕಾಣಲ್ಲ, ಬರೀ ಒದ್ದೆ ಪಾಚಿ, ಮೇಲಿಂದ ಹನಿ ತೊಟ್ಟಿಕ್ಕುತ್ತಾ ಇರುತ್ತೆ. ನಮ್ಮ ಅತ್ತೆಗೆ ಯಾರೂ ಏನೂ ಹೇಳಿಕೊಡಲಿಲ್ಲ. ಸೌಟು ತಗೊಂಡರು, ಅಭಿಷೇಕ ಮಾಡೋ ಹಾಗೆ ನಿಧಾನಕ್ಕೆ ನೀರು ಹಾಕಿದರು, ಕೈಮುಗಿದರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಅವರನ್ನ ನೋಡಿ ತಲೆಬಾಗಿಸಿದರು.

ಇನ್ನೊಂದು, ಶಿತೆನ್ನೋಜಿ. 593ರಲ್ಲಿ ರಾಜಕುಮಾರ ಶೋತೊಕು ಕಟ್ಟಿಸಿದ್ದು ಅಂತ ಹೇಳುತ್ತಾರೆ. ಹೆಸರಿನ ಅರ್ಥ ನಾಲ್ಕು ದಿಕ್ಕಿನ ದೇವರಾಜರ ಗುಡಿ, ಅಂದರೆ ನಮ್ಮ ದಿಕ್ಪಾಲಕರ ಹಾಗೆ. ಸಮತಟ್ಟು ಅಂಗಳ. ಪ್ರತಿ ತಿಂಗಳು 21, 22ಕ್ಕೆ ಅಲ್ಲಿ ಹಳೇ ಸಾಮಾನಿನ ಸಂತೆ ಸೇರುತ್ತೆ, ನಿಮ್ಮ ದಿನ ಅದಕ್ಕೆ ಹೊಂದಿದರೆ ಅಪ್ಪನನ್ನ ಅಲ್ಲಿ ಬಿಟ್ಟುಬಿಡಿ.

ಅಲ್ಲಿಂದ ತೆನ್ನೋಜಿಗೆ ಬಂದು ಹಂಕಾಯ್ ಟ್ರಾಮ್ ಹತ್ತಿ. ಊರಲ್ಲಿ ಉಳಿದಿರೋ ಟ್ರಾಮ್ ಅದೊಂದೇ. ಮನೆಗಳ ಹಿತ್ತಲು, ಒಣಗಲು ಹಾಕಿದ ಬಟ್ಟೆ, ಸೈಕಲ್ ಅಂಗಡಿ ಎಲ್ಲ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಹೋಗುತ್ತವೆ. ಸುಮಿಯೋಶಿ ತೈಶಾ ಗುಡಿಯ ಎದುರಿಗೇ ಇಳಿಸುತ್ತೆ. ಅಲ್ಲಿ ಕೆಂಪು ಬಣ್ಣದ ಕಮಾನು ಸೇತುವೆ ಇದೆ, ಕಡಿದಾಗಿದೆ. ಮಗಳು ಹತ್ತಲಿ, ಅಮ್ಮ ಕೊಳದ ಪಕ್ಕ ಕೂತು ನೋಡಲಿ. ಆ ಗುಡಿಯ ದೇವರು ಸಮುದ್ರಕ್ಕೆ ಹೋಗುವವರನ್ನ ಕಾಯುವವರು.

ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು, ಅಷ್ಟೇ ಇಟ್ಟುಕೊಳ್ಳಿ. ಮತ್ತೆ ನವೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ. ಇದು ಯಾರೂ ಹೇಳಲ್ಲ. ಗುಡಿಗಳೂ ಹೆಚ್ಚು ಕಮ್ಮಿ ಅದೇ ಹೊತ್ತಿಗೆ ಮುಚ್ಚುತ್ತವೆ. ಹಾಗಾಗಿ ಗುಡಿ, ಪಾರ್ಕ್ ಬೆಳಿಗ್ಗೆಗೆ, ಅಂಗಡಿ ಬೀದಿ, ಎತ್ತರದ ಕಟ್ಟಡಗಳು ಸಂಜೆಗೆ.

ಮೊಸರನ್ನ_ಸಾಕು

ನಾನು ಊಟದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕಂದರೆ ನನ್ನ ಅಮ್ಮನೂ ಹೀಗೇ, ಮೊಟ್ಟೆ, ಮೀನು ಏನೂ ಮುಟ್ಟಲ್ಲ.

ಅಲ್ಲಿ ನಮಗೆ ತೊಂದರೆ ಕೊಡೋದು ಮಾಂಸ ಅಲ್ಲ, ದಾಶಿ. ದಾಶಿ ಅಂದರೆ ಒಣಗಿಸಿದ ಮೀನಿನ ಸಾರು. ನಮ್ಮಲ್ಲಿ ಒಗ್ಗರಣೆ ಹೇಗೋ ಹಾಗೆ, ಅವರ ಅಡುಗೆಯಲ್ಲಿ ಅದು ಎಲ್ಲದರ ಕೆಳಗೂ ಇರುತ್ತೆ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಒಳಗೆ ಅದು ಇರುತ್ತೆ. ಉಡೋನ್, ಸೋಬಾ, ಮಿಸೋ ಸಾರು ಎಲ್ಲದರಲ್ಲೂ. "ವೆಜಿಟೇರಿಯನ್" ಅಂದರೆ ಅವರು ಮೇಲಿನ ಮಾಂಸದ ತುಂಡು ತೆಗೆದು ಕೊಡುತ್ತಾರೆ. ಮೋಸ ಮಾಡಬೇಕು ಅಂತಲ್ಲ, ಅವರಿಗೆ ಸಾರು ಲೆಕ್ಕಕ್ಕೇ ಬರಲ್ಲ. ಹಾಗಾಗಿ "ನಿಕು ನಾಶಿ, ಸಕಾನಾ ನಾಶಿ, ತಮಾಗೊ ನಾಶಿ, ದಾಶಿ ನಾಶಿ" ಅಂತ ಪೂರ್ತಿ ಹೇಳಬೇಕು. ನಿಕು ಮಾಂಸ, ಸಕಾನಾ ಮೀನು, ತಮಾಗೊ ಮೊಟ್ಟೆ, ನಾಶಿ ಅಂದರೆ ಇಲ್ಲದೆ. ಇದನ್ನ ಜಪಾನಿ ಲಿಪಿಯಲ್ಲಿ ಒಂದು ಚೀಟಿ ಮಾಡಿಸಿಟ್ಟುಕೊಳ್ಳಿ. ಚೀಟಿ ತೋರಿಸಿದಾಗ ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ನಿಜ ಹೇಳಿದ್ದಾರೆ ಅಂತ ಅರ್ಥ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್ ಹಿಡಿಯಿರಿ. ಇದು ನಾನು ಕೊಡೋ ಒಂದೇ ದೊಡ್ಡ ಸಲಹೆ. ಅಕ್ಕಿ, ಹಾಲು, ಸಪ್ಪೆ ಮೊಸರು, ತೋಫು, ಎಲೆಕೋಸು, ಬಾಳೆಹಣ್ಣು ಪಕ್ಕದ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತವೆ. ಅವರ ಅಕ್ಕಿ ಅಂಟು ಅಂಟು. ಚಿತ್ರಾನ್ನಕ್ಕೆ ಬರಲ್ಲ, ಮೊಸರನ್ನಕ್ಕೆ ಅಂತೂ ಹೇಳಿ ಮಾಡಿಸಿದ ಹಾಗಿದೆ, ಬಿಸಿ ಇದ್ದಾಗಲೇ ಸ್ವಲ್ಪ ಮಸೆದು ಹಾಲು ಹಾಕಿ ಇಟ್ಟರೆ ಬೆಣ್ಣೆ ಥರ ಆಗುತ್ತೆ. ಇಲ್ಲಿಂದ ಚಟ್ನಿಪುಡಿ, ಸಾಸಿವೆ, ಇಂಗು, ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಸಾರಿನ ಪುಡಿ ಒಯ್ಯಿರಿ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಇಲ್ಲಿನ ಕೆಟಲ್, ಎಲೆಕ್ಟ್ರಿಕ್ ಕುಕ್ಕರ್ ಒಯ್ಯಬೇಡಿ. ಅಲ್ಲಿ ಕರೆಂಟ್ 100 ವೋಲ್ಟ್, ನಮ್ಮದು 230. ನಮ್ಮ ಕೆಟಲ್ ಅಲ್ಲಿ ಬಿಸಿಯಾಗೋಕೆ ಯುಗ ಬೇಕು. ಫೋನ್ ಚಾರ್ಜರ್ ನಡೆಯುತ್ತೆ, ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು ಅಷ್ಟೇ. ಒಗ್ಗರಣೆಗೆ ಒಂದು ಚಪ್ಪಟೆ ತಳದ ಪುಟ್ಟ ಸ್ಟೀಲ್ ಬಾಣಲೆ ಇಟ್ಟುಕೊಳ್ಳಿ, ಅಲ್ಲಿ ಇಂಡಕ್ಷನ್ ಒಲೆ ಜಾಸ್ತಿ, ನಮ್ಮ ಗುಂಡು ತಳದ ಸೌಟು ಕೆಲಸ ಮಾಡಲ್ಲ.

ಹೊರಗೆ ಹಸಿವಾದಾಗ ನವೆಂಬರ್‌ನಲ್ಲಿ ಅಂಗಡಿಗಳಲ್ಲಿ ಸುಟ್ಟ ಗೆಣಸು ಸಿಗುತ್ತೆ, ಯಾಕಿ ಇಮೋ ಅಂತ. ಕಾಗದದ ಚೀಲದಲ್ಲಿ ಬಿಸಿಬಿಸಿ ಕೊಡುತ್ತಾರೆ, ಮುರಿದರೆ ಒಳಗೆ ಅರಿಶಿನದ ಬಣ್ಣ, ಬೆಲ್ಲ ಹಾಕಿದ ಹಾಗೆ ಸಿಹಿ. ನನ್ನ ಅಮ್ಮ ಮೂರು ದಿನ ಅದನ್ನೇ ತಿಂದರು. ದೈಫುಕು ಅಂತ ಅಕ್ಕಿ ಹಿಟ್ಟಿನ ಉಂಡೆ ಸಿಗುತ್ತೆ, ಒಳಗೆ ಕೆಂಪು ಕಾಳಿನ ಹೂರಣ. ನಮ್ಮ ಒಬ್ಬಟ್ಟಿನ ಹೂರಣಕ್ಕೆ ತುಂಬಾ ಹತ್ತಿರ, ಏಲಕ್ಕಿ ಇಲ್ಲ ಅಷ್ಟೇ. ಮೀನಿನ ಆಕಾರದ ತೈಯಾಕಿಯಲ್ಲೂ ಅದೇ ಹೂರಣ, ಆದರೆ ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಅಮ್ಮನಿಗೆ ಕೊಡಬೇಡಿ.

ಔಷಧಿ ಬಗ್ಗೆ ಒಂದು ಮಾತು. ಡಾಕ್ಟರ್ ಚೀಟಿ ಇಂಗ್ಲಿಷ್‌ನಲ್ಲಿ ಇರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಸೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ ಇಲ್ಲೇ ಬಿಟ್ಟು ಹೋಗಿ, ಅಲ್ಲಿನ ಕಾನೂನು ಬಿಗಿ.

ಕುಂದಾಪುರದ_ಹುಡುಗ

ನವೆಂಬರ್ ಅಂದ ತಕ್ಷಣ ಬರೆಯಲೇಬೇಕು ಅನ್ನಿಸಿತು. ಒಸಾಕಾದಲ್ಲಿ ತಿನ್ನೋದು ಬಿಟ್ಟರೆ ಏನಿದೆ ಅಂದವರಿಗೆ ಒಂದೇ ಉತ್ತರ, ಬುನ್‌ರಾಕು ಇದೆ, ಅಂದರೆ ಜಪಾನಿನ ಗೊಂಬೆಯಾಟ.

ನಿಪ್ಪೊನ್‌ಬಾಶಿ ಸ್ಟೇಷನ್ ಹತ್ತಿರ ರಾಷ್ಟ್ರೀಯ ಬುನ್‌ರಾಕು ರಂಗಮಂದಿರ ಇದೆ, 1984ರಲ್ಲಿ ಕಟ್ಟಿದ್ದು. ವರ್ಷಪೂರ್ತಿ ಆಟ ಇರಲ್ಲ. ಸಾಮಾನ್ಯವಾಗಿ ಜನವರಿ, ಏಪ್ರಿಲ್, ಬೇಸಿಗೆ, ನವೆಂಬರ್. ನೀವು ಹೋಗೋದು ಸರಿಯಾದ ತಿಂಗಳಲ್ಲಿ, ದಿನಾಂಕ ಮಾತ್ರ ಅವರ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಪೂರ್ತಿ ಆಟ ನಾಲ್ಕು ಗಂಟೆ ಮೇಲಾಗುತ್ತೆ, ಮಗಳಿಗೆ ಕಷ್ಟ. ಒಂದೇ ಅಂಕಕ್ಕೆ ಬೇರೆ ಟಿಕೆಟ್ ಕೊಡುತ್ತಾರೆ, ಕಡಿಮೆ ದುಡ್ಡು, ಅದು ಸಾಕು.

ನಾನು ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡುತ್ತಾ ಬೆಳೆದವನು. ನಮ್ಮಲ್ಲಿ ಮೇಲಿಂದ ದಾರ ಹಿಡಿದು ಆಡಿಸುತ್ತಾರೆ, ಆಡಿಸುವವರು ಕಾಣಲ್ಲ. ಇಲ್ಲಿ ಒಂದು ಗೊಂಬೆಗೆ ಮೂರು ಜನ, ನಿಮ್ಮ ಕಣ್ಣೆದುರಿಗೇ ನಿಂತಿರುತ್ತಾರೆ. ಮುಖ್ಯ ಕಲಾವಿದ ತಲೆ ಮತ್ತು ಬಲಗೈ ಹಿಡಿದಿರುತ್ತಾನೆ, ಇನ್ನೊಬ್ಬ ಎಡಗೈ, ಮತ್ತೊಬ್ಬ ಬಗ್ಗಿ ನಿಂತು ಕಾಲು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ಅಂತ ಅವರಲ್ಲಿ ಮಾತಿದೆ, ಆಮೇಲೆ ತಲೆ ಮುಟ್ಟೋದು. ಹೆಣ್ಣು ಗೊಂಬೆಗಳಿಗೆ ಸಾಮಾನ್ಯವಾಗಿ ಕಾಲೇ ಇರಲ್ಲ. ಉಡುಪಿನ ಅಂಚನ್ನ ಬೆರಳಲ್ಲಿ ಹಿಡಿದು ಆಡಿಸುತ್ತಾರೆ, ಆ ಅಂಚಿನ ಅಲುಗಾಟದಲ್ಲೇ ಅವಳು ನಡೆದ ಹಾಗೆ, ಮಂಡಿಯೂರಿದ ಹಾಗೆ ಕಾಣುತ್ತೆ. ಐದು ನಿಮಿಷ ಆದಮೇಲೆ ಆ ಮೂರು ಜನ ನಿಮ್ಮ ಕಣ್ಣಿಗೆ ಬೀಳೋದೇ ನಿಂತುಹೋಗುತ್ತೆ.

ವೇದಿಕೆಯ ಬಲಗಡೆ ಒಬ್ಬರು ಕೂತು ಇಡೀ ಕಥೆ ಹೇಳುತ್ತಾರೆ. ಅವರನ್ನ ತಯೂ ಅನ್ನುತ್ತಾರೆ, ಪಕ್ಕದಲ್ಲಿ ಶಮಿಸೆನ್ ಅನ್ನೋ ತಂತಿವಾದ್ಯ ನುಡಿಸುವವರು. ಗಂಡಿನ ಮಾತು, ಹೆಣ್ಣಿನ ಅಳು, ಮುದುಕನ ಕೆಮ್ಮು ಎಲ್ಲ ಆ ಒಂದೇ ಗಂಟಲಲ್ಲಿ. ಶುರು ಮಾಡೋ ಮುಂಚೆ ಮುಂದಿರುವ ಪುಸ್ತಕವನ್ನ ಎರಡೂ ಕೈಯಲ್ಲಿ ಎತ್ತಿ ಹಣೆಯವರೆಗೆ ತಂದು ತಲೆಬಾಗುತ್ತಾರೆ. ಅದನ್ನ ನೋಡಿದಾಗ ನನಗೆ ನಮ್ಮ ಭಾಗವತರು ನೆನಪಾದರು, ಗಂಟಲು ಕಟ್ಟಿತು. ಭಾಷೆ ಒಂದಕ್ಷರ ಗೊತ್ತಿಲ್ಲ, ಆದರೂ ಅಳುವ ಜಾಗದಲ್ಲಿ ಅಳು ಬಂತು. ನಿಮ್ಮ ಅಪ್ಪ ವಾಚಿನ ಒಳಗಿನ ಕೆಲಸ ನೋಡಿದವರು. ಗೊಂಬೆಯ ಹುಬ್ಬು, ಕಣ್ಣು, ಬೆರಳು ಬೇರೆ ಬೇರೆಯಾಗಿ ಅಲುಗೋದನ್ನ ನೋಡಿದರೆ ಒಳಗೆ ಏನಿದೆ ಅಂತ ಅವರೇ ಲೆಕ್ಕ ಹಾಕುತ್ತಾರೆ.

ಜೆಪಿ_ನಗರ_ಅಮ್ಮ

ಮಗಳ ಪರವಾಗಿ ನಾನು ಮಾತಾಡುತ್ತೇನೆ. ಒಂಬತ್ತು ವರ್ಷದ ಮಗುವಿಗೆ ಎಂಟು ದಿನ ಗುಡಿ, ಕೋಟೆ ಜಾಸ್ತಿ ಆಯಿತು. ಒಂದು ದಿನ ಯೂನಿವರ್ಸಲ್‌ಗೆ ಕೊಡಿ. ಆದರೆ ನೀವು ಮತ್ತೆ ನಿಮ್ಮವರು ಮಾತ್ರ ಕರೆದುಕೊಂಡು ಹೋಗಿ, ಅಪ್ಪ ಅಮ್ಮ ಆ ದಿನ ರೂಮಿನಲ್ಲಿ ಕಾಲು ಚಾಚಿ ಮಲಗಲಿ. ಅಲ್ಲಿ ಮಕ್ಕಳು ಕೇಳೋದು 2021ರಲ್ಲಿ ಶುರುವಾದ ನಿಂಟೆಂಡೋ ಜಾಗ. ಜನ ಜಾಸ್ತಿ ಇರೋ ದಿನ ಅದಕ್ಕೆ ಬೇರೆ ಸಮಯದ ಟಿಕೆಟ್ ಬೇಕಾಗುತ್ತೆ, ಬರೀ ಒಳಗೆ ಹೋದರೆ ಸಾಲಲ್ಲ. ಇದು ಗೊತ್ತಿಲ್ಲದೆ ಅಲ್ಲಿ ಬಾಗಿಲ ಹತ್ತಿರ ಅಳುತ್ತಿದ್ದ ಮಕ್ಕಳನ್ನ ನಾನು ನೋಡಿದ್ದೇನೆ. ವಾರದ ಮಧ್ಯದ ದಿನ ಹೋಗಿ. ನವೆಂಬರ್ 3 ಮತ್ತು 23 ಅಲ್ಲಿ ಸರ್ಕಾರಿ ರಜೆ, ಆ ದಿನಗಳು ಬೇಡ.

ಎಲ್ಲರೂ ಸೇರಿ ಹೋಗೋಕೆ ಕೈಯೂಕಾನ್ ಅಕ್ವೇರಿಯಂ. ಮೊದಲು ಎಂಟನೇ ಮಹಡಿಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿಂದ ಇಳಿಜಾರಿನಲ್ಲಿ ಸುತ್ತುತ್ತಾ ಸುತ್ತುತ್ತಾ ಕೆಳಗೆ ಬರೋದು. ನಡುವೆ 9 ಮೀಟರ್ ಆಳದ ದೊಡ್ಡ ತೊಟ್ಟಿ, ಅದರಲ್ಲಿ ತಿಮಿಂಗಿಲ ಶಾರ್ಕ್. ಒಂದೇ ಮೀನನ್ನ ಮೊದಲು ಮೇಲಿಂದ, ಆಮೇಲೆ ಪಕ್ಕದಿಂದ, ಕೊನೆಗೆ ಕೆಳಗಿಂದ ನೋಡುತ್ತೀರಿ. ಮಂಡಿಗೆ ತೊಂದರೆ ಇಲ್ಲ, ಕೂರೋಕೆ ಜಾಗ ಇದೆ.

ಇನ್ನೊಂದು ಜಾಗ ಜನ ಬಿಟ್ಟುಬಿಡುತ್ತಾರೆ. ತೆಂಜಿನ್‌ಬಾಶಿಸುಜಿ 6 ಚೋಮೆ ಸ್ಟೇಷನ್ ಮೇಲೇ ಒಸಾಕಾದ ಮನೆಗಳ ಮ್ಯೂಸಿಯಂ ಇದೆ. ಲಿಫ್ಟ್‌ನಲ್ಲಿ ಮೇಲೆ ಹೋದರೆ ಕಟ್ಟಡದ ಒಳಗೇ 1830ರ ಕಾಲದ ಒಂದು ಇಡೀ ಬೀದಿ, ನಿಜವಾದ ಅಳತೆಯಲ್ಲಿ. ಔಷಧಿ ಅಂಗಡಿ, ಬಾವಿ, ಅಡುಗೆಮನೆ, ಮಾಡಿನ ಮೇಲೆ ಬೆಕ್ಕು. ಮೇಲಿನ ಬೆಳಕು ನಿಧಾನಕ್ಕೆ ಬೆಳಗಿಂದ ರಾತ್ರಿಗೆ ತಿರುಗುತ್ತೆ, ಮಧ್ಯೆ ಗುಡುಗು ಬರುತ್ತೆ. ನನ್ನ ಮಗ ಗುಡುಗು ಕೇಳಿ ಓಡಿಹೋಗಿ ಒಂದು ಮನೆಯೊಳಗೆ ನಿಂತುಕೊಂಡ. ಮಂಗಳವಾರ ರಜೆ. ಕೆಳಗೆ ಇಳಿದರೆ 2.6 ಕಿಲೋಮೀಟರ್ ಉದ್ದದ ಅಂಗಡಿ ಬೀದಿ, ಪೂರ್ತಿ ಮೇಲ್ಛಾವಣಿ ಇದೆ, ಮಳೆ ಬಂದ ದಿನಕ್ಕೆ ಇಟ್ಟುಕೊಳ್ಳಿ. ದೋತೊಂಬೊರಿ ಹಾಗಲ್ಲ, ಇಲ್ಲಿ ಊರಿನವರು ಸೊಪ್ಪು, ಚಪ್ಪಲಿ, ಚಹಾ ಕೊಳ್ಳುತ್ತಾರೆ.

ಮಗಳಿಗೆ ಮಕ್ಕಳ ಇಕೋಕಾ ಕಾರ್ಡ್ (ರೈಲು, ಮೆಟ್ರೋಗೆ ದುಡ್ಡು ತುಂಬಿಸಿಕೊಳ್ಳೋ ಕಾರ್ಡ್) ಮಾಡಿಸಿ, 6ರಿಂದ 11 ವರ್ಷದವರಿಗೆ ಅರ್ಧ ಚಾರ್ಜು. ಮೆಷಿನ್‌ನಲ್ಲಿ ಬರಲ್ಲ, ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು.

ರೈಲು_ಬೋಗಿ_ಎಸ್4

ಹೊರಗಿನ ಊರುಗಳ ಬಗ್ಗೆ. ಎಂಟು ದಿನದಲ್ಲಿ ಎರಡು ಸಲ ಮಾತ್ರ ಹೊರಗೆ ಹೋಗಿ, ಒಂದು ನಾರಾ, ಒಂದು ಕ್ಯೋಟೋ. ದೇಶವಿಡೀ ಜೆಆರ್ ರೈಲುಗಳಲ್ಲಿ ಓಡಾಡೋಕೆ ಕೊಡೋ ಜೆಆರ್ ಪಾಸ್ ಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650 ಯೆನ್‌ನಿಂದ 50,000 ಯೆನ್ ಆಯಿತು. ನಿಮ್ಮ ಓಡಾಟಕ್ಕೆ ಅದರ ಕಾಲು ಭಾಗವೂ ಖರ್ಚಾಗಲ್ಲ.

ನಾರಾಗೆ ನಂಬಾದಿಂದ ಕಿಂತೆತ್ಸು ರೈಲು, 40 ನಿಮಿಷ. ಜೆಆರ್‌ಗಿಂತ ಇದರ ಸ್ಟೇಷನ್ ಪಾರ್ಕಿಗೆ ಹತ್ತಿರ. ಜಿಂಕೆಗಳು ರಸ್ತೆ ತುಂಬಾ ಇರುತ್ತವೆ, ಬಿಸ್ಕತ್ತು ಹಿಡಿದರೆ ತಲೆ ಬಗ್ಗಿಸುತ್ತವೆ. ಅಮ್ಮ ಸೀರೆ ಉಡುವವರಾದರೆ ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ. ನನ್ನ ಚಿಕ್ಕಮ್ಮನ ಸೆರಗಿನ ತುದಿಯನ್ನ ಒಂದು ಜಿಂಕೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿಯೋಕೆ ಶುರು ಮಾಡಿತ್ತು, ಅವರಿಗೆ ಗೊತ್ತಾಗಿದ್ದು ಹೆಜ್ಜೆ ಮುಂದಿಟ್ಟಾಗ.

ತೋದಾಯ್‌ಜಿಯ ದೊಡ್ಡ ಬುದ್ಧ 15 ಮೀಟರ್ ಎತ್ತರ. ಅಲ್ಲಿಗೆ ಹೋಗೋ ಮುಂಚೆ ಅಪ್ಪ ಅಮ್ಮನಿಗೆ ಈ ಕಥೆ ಹೇಳಿ. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆಯುವ ಶಾಸ್ತ್ರ ಮಾಡಿದ್ದು ಭಾರತದಿಂದ ಹೋದ ಬೋಧಿಸೇನ ಅನ್ನೋ ಭಿಕ್ಷು. ಅವರು ಹಿಡಿದಿದ್ದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿದ್ದರು, ಕೆಳಗೆ ಸೇರಿದ್ದವರೆಲ್ಲ ಆ ದಾರವನ್ನ ಹಿಡಿದಿದ್ದರು, ಕಣ್ಣು ಬರೆದ ಪುಣ್ಯ ಎಲ್ಲರಿಗೂ ಸೇರಲಿ ಅಂತ. ಆ ಕುಂಚ, ದಾರ ಎರಡನ್ನೂ ಇವತ್ತಿಗೂ ಅಲ್ಲಿನ ಶೋಸೋಇನ್ ಭಂಡಾರದಲ್ಲಿ ಕಾಪಾಡಿದ್ದಾರೆ. ಇದನ್ನ ತಿಳಿದುಕೊಂಡು ಆ ಮೂರ್ತಿ ಮುಂದೆ ನಿಂತರೆ ಬೇರೇನೇ ಅನಿಸುತ್ತೆ.

ಕ್ಯೋಟೋಗೆ ಜೆಆರ್ ಸ್ಪೆಷಲ್ ರಾಪಿಡ್, ಒಸಾಕಾ ಸ್ಟೇಷನ್‌ನಿಂದ ಅರ್ಧ ಗಂಟೆ. ಫುಶಿಮಿ ಇನಾರಿಯ ಕೆಂಪು ಕಮಾನುಗಳು ಬೆಟ್ಟದ ಮೇಲಿನವರೆಗೂ ಇವೆ, ಅಮ್ಮನಿಗೆ ಮೊದಲಿನ ಸ್ವಲ್ಪ ದೂರ ಸಾಕು. ಅಪ್ಪನಿಗೆ ಕ್ಯೋಟೋ ರೈಲ್ವೆ ಮ್ಯೂಸಿಯಂ, ಇದು ಮಾತ್ರ ಬಿಡಲೇಬೇಡಿ. ಅಲ್ಲಿ 1914ರ ಉಗಿಬಂಡಿ ಶೆಡ್ ಹಾಗೇ ಉಳಿದಿದೆ, ನಡುವೆ ತಿರುಗುವ ಹಳಿ, ಸುತ್ತ ಅರ್ಧಚಂದ್ರದ ಹಾಗೆ 20 ಹಳಿಗಳು. ಎಂಜಿನ್ ಒಂದನ್ನ ಅದರ ಮೇಲೆ ನಿಲ್ಲಿಸಿ ತಿರುಗಿಸುವಾಗ ಎಣ್ಣೆ, ಕಲ್ಲಿದ್ದಲಿನ ವಾಸನೆ ಬರುತ್ತೆ. ಮೊದಲ ಶಿಂಕಾನ್ಸೆನ್‌ನ, ಅಂದರೆ ಬುಲೆಟ್ ರೈಲಿನ, ಬೋಗಿಗಳೂ ಅಲ್ಲಿವೆ. ಸಾಮಾನ್ಯವಾಗಿ ಬುಧವಾರ ರಜೆ.

ಬಸವನಗುಡಿ_ಬೆಂಚು

ಇಷ್ಟು ಮನಸ್ಸಿಟ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ರಾತ್ರಿ ಊಟ ಆದಮೇಲೆ ಎಲ್ಲವನ್ನೂ ಜೋರಾಗಿ ಓದಿ ಹೇಳಿದೆ. ಬೋಧಿಸೇನರ ದಾರದ ಕಥೆ ಕೇಳಿ ಅಮ್ಮ "ನಾರಾಗೆ ಮೊದಲು ಹೋಗೋಣ" ಅಂದರು. ಅಪ್ಪ ಮಾತಾಡಲಿಲ್ಲ, ಎದ್ದು ಹೋಗಿ ಬೀರುವಿನಿಂದ ಹಳೇ ಎಚ್‌ಎಂಟಿ ವಾಚ್ ತಂದು ಕೀಲಿ ಕೊಟ್ಟು ಕಿವಿಗೆ ಹಿಡಿದುಕೊಂಡರು. ಅದನ್ನೇ ಕಟ್ಟಿಕೊಂಡು ಹೋಗುತ್ತಾರಂತೆ.

ನಂಬಾ ಹತ್ತಿರ ಅಡುಗೆಮನೆ ಇರುವ ಜಾಗ ಹುಡುಕುತ್ತಿದ್ದೇನೆ. ಬುನ್‌ರಾಕು ಒಂದು ಅಂಕ, ಯೂನಿವರ್ಸಲ್ ಒಂದು ದಿನ, ನಾರಾ, ಕ್ಯೋಟೋ, ಉಳಿದದ್ದು ಊರೊಳಗೆ. ಕೊನೆಯದಾಗಿ ಒಂದೇ ಪ್ರಶ್ನೆ. ರಾತ್ರಿ ಊರು ಮೇಲಿಂದ ನೋಡೋಕೆ ಉಮೇದಾ ಸ್ಕೈ ಬಿಲ್ಡಿಂಗಾ, ಅಬೆನೋ ಹರುಕಾಸಾ? ಎರಡಕ್ಕೂ ಸಮಯ ಇಲ್ಲ.

ವಿಜಯನಗರ_ವಾಕರ್

ಅಮ್ಮ ಜೊತೆಗಿದ್ದರೆ ಹರುಕಾಸ್. 300 ಮೀಟರ್, ತೆನ್ನೋಜಿ ಸ್ಟೇಷನ್ ಎದುರಿಗೇ, ಕೆಳಗಿಂದ ಮೇಲಿನವರೆಗೆ ಲಿಫ್ಟ್, ಒಳಗೆ ಕೂತು ಗಾಜಿನಿಂದ ನೋಡಬಹುದು. ಸ್ಕೈ ಬಿಲ್ಡಿಂಗ್ ತುದಿ ತೆರೆದಿದೆ, ನವೆಂಬರ್ ರಾತ್ರಿ ಗಾಳಿ ಕೊರೆಯುತ್ತೆ, ಸ್ಟೇಷನ್‌ನಿಂದ ನಡಿಗೆಯೂ ಇದೆ. ನಾಲ್ಕೂವರೆಗೆ ಹರುಕಾಸ್ ಮೇಲಿರಿ, ಬೆಳಕಲ್ಲಿ ಒಂದು ಸಲ ಊರು ನೋಡಿ, ಅಲ್ಲೇ ಕೂತರೆ ಕತ್ತಲಾಗಿ ದೀಪ ಹತ್ತೋದೂ ಕಾಣುತ್ತೆ. ಅಮ್ಮನಿಗೆ ಒಂದು ಸ್ವೆಟರ್, ಬಗ್ಗದೆ ಹಾಕಿಕೊಳ್ಳುವಂಥ ಲೇಸಿಲ್ಲದ ಶೂ ಇಲ್ಲೇ ಕೊಂಡುಕೊಳ್ಳಿ. ಹೊಸ ಶೂ ಹಾಕಿಕೊಂಡು ಒಂದು ತಿಂಗಳು ಗಾಂಧಿ ಬಜಾರ್‌ಗೆ ಹೋಗಿ ಬರಲಿ, ಆಮೇಲೆ ವಿಮಾನ ಹತ್ತಲಿ.